ಊರ ಕಾಳಗಗಳ ನೆನಪು

ಮುಧೋಳದ ಸೀಮೆಯಲ್ಲಿ ಹಲಗಲಿ ಎಂಬುದೊಂದು ಹಳ್ಳಿಯುಂಟು. ಈಗ ಬಾಗಲಕೋಟೆ ಜಿಲ್ಲೆಗೆ ಸೇರಿರುವ ಆ ಗ್ರಾಮವು ಘೋರ್ಪಡೆ ಅರಸರ ಸಂಸ್ಥಾನಕ್ಕೆ ಒಳಪಟ್ಟಿದ್ದ ಕಾಲದಲ್ಲಿ, 1857ನೆಯ ಇಸವಿಯಲ್ಲಿ, ಪ್ರಜೆಗಳೆಲ್ಲರೂ ತಮ್ಮಲ್ಲಿರುವ ಹತಾರಗಳನ್ನು ಸರಕಾರಕ್ಕೆ ಒಪ್ಪಿಸತಕ್ಕದ್ದೆಂಬ ಕಂಪನಿಯ ಕಾಯಿದೆಯು ಅಲ್ಲಿಗೂ ಬಂದು ಮುಟ್ಟಿತು. ಬೇಟೆಯನ್ನೂ ಊರಕಾವಲನ್ನೂ ನಂಬಿ ಬದುಕಿದ ಅಲ್ಲಿನ ಬೇಡರಿಗೆ ಕತ್ತಿಯೂ ಬಂದೂಕವೂ ಅನ್ನದ ಸಾಧನಗಳಾಗಿದ್ದವು, ಅದಕ್ಕೂ ಮಿಗಿಲಾಗಿ ಮಾನದ ಗುರುತುಗಳಾಗಿದ್ದವು; ಆದುದರಿಂದ ಅವರು ಕೊಡೆವೆಂದರು. ಹನುಮ, ಬಾಲ, ಜಡಗ, ರಾಮ ಎಂಬವರ ಮುಂದಾಳುತನದಲ್ಲಿ ಎದ್ದ ಆ ದಂಗೆಯನ್ನು ಅಡಗಿಸುವುದಕ್ಕೆಂದು ನವೆಂಬರ್ ತಿಂಗಳ ಕೊನೆಯಲ್ಲಿ ದಂಡು ಬಂದು ಊರನ್ನು ಮುತ್ತಿತು, ಮನೆಗಳು ಬೆಂದವು, ಹಲವರು ಅಲ್ಲಿಯೇ ಮಡಿದರು, ಸೆರೆಸಿಕ್ಕವರಲ್ಲಿ ಪ್ರಮುಖರಾದವರನ್ನು ಡಿಸೆಂಬರ್ ತಿಂಗಳಿನಲ್ಲಿ ನೇಣಿಗೇರಿಸಲಾಯಿತು.

ದೇಶದ ದೊಡ್ಡ ಚರಿತ್ರೆಯಲ್ಲಿ ಈ ಸಂಗತಿಗೆ ದೊರೆಯುವ ಸ್ಥಳವು ಒಂದೆರಡು ಪಂಕ್ತಿಗಳಷ್ಟು. ದೆಹಲಿ, ಲಖನೌ, ಝಾನ್ಸಿಗಳ ಸಂಗ್ರಾಮವನ್ನು ವರ್ಣಿಸುತ್ತಿರುವ ಚರಿತ್ರಕಾರನು ಮಲಪ್ರಭೆ ಘಟಪ್ರಭೆಗಳ ನಡುವಣ ಒಂದು ಹಳ್ಳಿಯ ಕಾಳಗದ ಬಳಿ ನಿಂತು ಉಸಿರುಬಿಡುವಷ್ಟು ವ್ಯವಧಾನವುಳ್ಳವನಲ್ಲ. ಆದರೆ ಆ ಪ್ರಾಂತದ ಜನ ಅದನ್ನು ಮರೆಯಲೊಪ್ಪಲಿಲ್ಲ. ಕುರ್ತಕೋಟಿಯ ಕಲ್ಮೇಶನ ಅಂಕಿತವನ್ನು ಧರಿಸಿದ ಒಂದು ಲಾವಣಿ ಹುಟ್ಟಿತು. ವಿಲಾಯತಿಯಿಂದ ಹೊರಟ ಹುಕುಮು, ಹತಾರ ಕಸಿಯಬಂದ ಕಾರಕೂನನ ಕೆನ್ನೆಗೆ ಬಿದ್ದ ಏಟು, ಜನರ ಬಾಯಲ್ಲಿ ‘ಕಾರಸಾಹೇಬ’ನಾಗಿ ಮಾರ್ಪಟ್ಟ ಆಂಗ್ಲ ಅಧಿಕಾರಿಯ ಕೋಪ, ಒಬ್ಬೊಬ್ಬನಾಗಿ ಬಿದ್ದ ಬಂಟರ ಹೆಸರುಗಳು, ಇವೆಲ್ಲವೂ ಅದರಲ್ಲಿ ಬಂದುವು. ಬಂದುದು ಇಷ್ಟೇ ಆಗಿದ್ದರೆ ಅದನ್ನು ವೀರಗಾಥೆಯೆಂದು ಕರೆದು ಮುಂದಕ್ಕೆ ಸಾಗಬಹುದಾಗಿತ್ತು. ಊರು ಸುಟ್ಟ ಮೇಲೆ ನಡೆದ ಸುಲಿಗೆಯನ್ನು ಹೇಳುವಾಗ ಆ ಲಾವಣಿಕಾರನು ಮಾಡುವ ಕೆಲಸವೇ ಬೇರೆ. ಮನೆಗಳೊಳಗಿನಿಂದ ಹೋದ ವಸ್ತುಗಳನ್ನು ಅವನು ಎಣಿಸತೊಡಗುತ್ತಾನೆ: ಹಾಲು ಮೊಸರು ಬೆಣ್ಣೆ, ಅಕ್ಕಿ ಬೆಲ್ಲ, ಉಪ್ಪು ಎಣ್ಣೆ, ಜೀರಿಗೆ ಅರಿಶಿನ, ಉಣ್ಣುವ ಗಂಗಾಳ, ನೀರಿನ ಚರಗಿ, ಕಡೆಗೆ ಬೀಸುವ ಕಲ್ಲು, ಹೆಂಗಸಿನ ಕೊರಳ ಮಂಗಳಸೂತ್ರ. ಯುದ್ಧವೆಂದರೆ ಏನೆಂಬುದನ್ನು ಇಷ್ಟು ಹತ್ತಿರದಿಂದ, ಒಲೆಯ ಮಗ್ಗುಲಲ್ಲಿ ನಿಂತು ನೋಡಿದಂತೆ ಹೇಳಿದ ಬರಹವನ್ನು ನಾನು ಬಹಳವಾಗಿ ಓದಿಲ್ಲ. ಸೇನಾಪತಿಯ ವರದಿಯು ಬಿದ್ದವರ ಸಂಖ್ಯೆಯನ್ನು ಕೊಡಬಲ್ಲದು. ಯಾರ ಮನೆಯ ಜೀರಿಗೆ ಹೋಯಿತೆಂಬುದನ್ನು ಹೇಳಬಲ್ಲವನು ಆ ಮನೆಯ ನೆರೆಯವನೊಬ್ಬನೇ.

ಈ ಹಾಡು ಉಳಿದುಬಂದ ಬಗೆಯನ್ನು ಕುರಿತು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಏಕೆಂದರೆ ಊರಿನ ಯುದ್ಧಸ್ಮೃತಿಯು ತಲೆಮಾರಿನಿಂದ ತಲೆಮಾರಿಗೆ ದಾಟುವ ಮಾರ್ಗವು ನಮ್ಮ ನಾಡಿನಲ್ಲಿ ಅದರಿಂದ ಸ್ಪಷ್ಟವಾಗುತ್ತದೆ. ಲಾವಣಿಯು ಏಕಾಂತದಲ್ಲಿ ಓದಿಕೊಳ್ಳುವ ಕಾವ್ಯವಲ್ಲ. ಸುಗ್ಗಿ ಮುಗಿದು ಕಣದ ಕೆಲಸ ತೀರಿದ ಮೇಲೆ, ಜಾತ್ರೆಯ ರಾತ್ರಿಯಲ್ಲಿಯೋ ಹಬ್ಬದ ಜಾಗರಣೆಯಲ್ಲಿಯೋ, ಗುಡಿಯ ಮುಂದಣ ಕಟ್ಟೆಯ ಮೇಲೆ ಜನ ನೆರೆಯುವರು. ದಪ್ಪಿನ ಪೆಟ್ಟು, ತುಂತುಣಿಯ ಒಂದೇ ತಂತಿಯ ನಾದ, ತಾಳದ ಸದ್ದು ಇವುಗಳ ನಡುವೆ ಮುಮ್ಮೇಳದವನು ಎತ್ತಿದ ಸೊಲ್ಲನ್ನು ಹಿಮ್ಮೇಳದವರು ಹಿಡಿದು ನಡೆಸುವರು. ಹರದೇಶಿ, ನಾಗೇಶಿ ಎಂದು ಎರಡು ಪಕ್ಷಗಳಾಗಿ ನಿಂತು, ಒಬ್ಬರು ಶಿವನ ಹಿರಿಮೆಯನ್ನೂ ಮತ್ತೊಬ್ಬರು ಶಕ್ತಿಯ ಹಿರಿಮೆಯನ್ನೂ ಹಿಡಿದು, ಬೆಳಗಾಗುವವರೆಗೆ ಪ್ರಶ್ನೆಗೆ ಉತ್ತರವನ್ನೂ ಸವಾಲಿಗೆ ಜವಾಬನ್ನೂ ಹಾಡಿನಲ್ಲಿಯೇ ಕೊಡುತ್ತಿದ್ದ ಆ ಮೇಳಗಳಲ್ಲಿ, ವೇದಾಂತದ ಒಗಟಿನ ಪಕ್ಕದಲ್ಲಿಯೇ ಬರಗಾಲದ ಕಥೆಗೂ ದಂಗೆಯ ಕಥೆಗೂ ಎಡೆಯಿತ್ತು. ಕೇಳುವವರಲ್ಲಿ ಕಾಳಗವನ್ನು ಕಂಡವರಿದ್ದರು, ಅವರ ಮಕ್ಕಳಿದ್ದರು. ಹಾಡುಗಾರನು ಒಬ್ಬನ ಹೆಸರನ್ನು ತಪ್ಪಾಗಿ ಹೇಳಿದರೆ ಕಟ್ಟೆಯ ಕೆಳಗಿನಿಂದ ಒಂದು ದನಿ ಎದ್ದು ತಿದ್ದಬಲ್ಲುದಾಗಿತ್ತು. ಸಭೆಯೇ ಪರಿಷ್ಕರಣ ಮಂಡಳಿ, ಸಭೆಯೇ ಸಾಕ್ಷಿ. ಆ ಪ್ರಾಂತದ ಮೊಹರಮ್ಮಿನ ದಿನಗಳಲ್ಲಿ ಅರಬರ ನಾಡಿನ ಕರ್ಬಲಾದ ಯುದ್ಧವನ್ನು ಕೂಡ ಸಕಲ ಜಾತಿಯ ಹಳ್ಳಿಗರು ರಿವಾಯತ್ ಪದಗಳಾಗಿ ಅಚ್ಚಗನ್ನಡದಲ್ಲಿ ಹಾಡಿ ಕಣ್ಣೀರಿಡುವುದನ್ನು ಬಲ್ಲವರಿಗೆ, ಕಾಳಗದ ನೆನಪನ್ನು ಕೂಡಿ ಕುಳಿತು ಕಾಪಾಡುವ ಅಭ್ಯಾಸವು ಆ ಜನರಲ್ಲಿ ಎಷ್ಟು ಆಳವಾಗಿ ಬೇರೂರಿದೆಯೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಇದಕ್ಕಿಂತ ಹಿಂದಿನ ಕಾಲದಲ್ಲಿ ಈ ಕೆಲಸವನ್ನು ಕಲ್ಲು ಮಾಡುತ್ತಿದ್ದಿತು. ಕನ್ನಡದ ಅತಿ ಪ್ರಾಚೀನ ಶಾಸನವೆಂದು ಪ್ರಸಿದ್ಧವಾದ ಹಲ್ಮಿಡಿಯ ಬರಹವೇ ಯುದ್ಧದಲ್ಲಿ ಮೆರೆದವನಿಗೆ ಬಾಳ್ಗಳ್ಚಾಗಿ, ಅಂದರೆ ಕತ್ತಿಯ ರಕ್ತವನ್ನು ತೊಳೆಯುವ ಗೌರವದೊಡನೆ, ಹಳ್ಳಿಗಳನ್ನು ದತ್ತಿಬಿಟ್ಟ ವಿಷಯವನ್ನು ಹೇಳುತ್ತದೆ. ನಮ್ಮ ಲಿಖಿತ ಭಾಷೆಯು ಕಣ್ಣು ತೆರೆದುದೇ ಒಂದು ಕಾಳಗದ ನೆನಪಿನಲ್ಲಿ ಎಂದರೆ ಅತಿಶಯೋಕ್ತಿಯಾಗಲಾರದು. ಅನಂತರ ನಾಡಿನ ಊರೂರಿನಲ್ಲಿಯೂ ವೀರಗಲ್ಲುಗಳು ನಿಂತವು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನ ಪಟ್ಟಿಕೆಯಲ್ಲಿ ಅಪ್ಸರೆಯರು ವೀರನನ್ನು ಕೊಂಡೊಯ್ಯುವ ನೋಟ, ಮೇಲಣ ಪಟ್ಟಿಕೆಯಲ್ಲಿ ಶಿವಸನ್ನಿಧಿ. ಮಡಿದವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ. ಬೆಂಗಳೂರಿನ ಬಳಿಯ ಬೇಗೂರಿನಲ್ಲಿರುವ ಗಂಗರ ಕಾಲದ ಒಂದು ಕಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುವುದರಿಂದಲೇ ಆ ಊರಿನ ಹೆಸರು ಎಷ್ಟು ಹಳೆಯದೆಂಬುದು ನಮಗೆ ತಿಳಿಯಿತು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಪಕ್ಷದವರು ಚೋಳ ರಾಜಾದಿತ್ಯನನ್ನು ಸೋಲಿಸಿದ ಮಹಾವಿಷಯವನ್ನು ಹೇಳುವ ಆತಕೂರಿನ ಕಲ್ಲು, ಹಂದಿಯೊಡನೆ ಹೋರಾಡಿ ಸತ್ತ ಕಾಳಿಯೆಂಬ ನಾಯಿಯನ್ನೂ ಮರೆಯದೆ ಸ್ಮರಿಸುತ್ತದೆ.

ಆದರೆ ಕಲ್ಲಿಗೆ ಒಂದು ಕೊರತೆಯುಂಟು. ಲಿಪಿಯು ಬದಲಾಗುತ್ತ ಬಂದಂತೆ ಓದುವವರು ಇಲ್ಲದಾದರು. ಕಾಳಗವನ್ನು ಕಂಡವರ ಸಂತತಿಯು ವಲಸೆ ಹೋಯಿತು, ಇಲ್ಲವೆ ಅಳಿಯಿತು. ಹೆಸರುಳ್ಳ ಮನುಷ್ಯನು ಹೆಸರಿಲ್ಲದ ವೀರದೇವನಾಗಿ ಎಣ್ಣೆ ಕುಂಕುಮಗಳನ್ನು ಪಡೆದನು, ಕೆಲವೆಡೆಗಳಲ್ಲಿ ಅದೂ ದೊರೆಯದೆ ಕೆರೆಯ ಏರಿಯಲ್ಲಿ ಒಂದು ಚಪ್ಪಡಿಯಾದನು. ಬಿ. ಎಲ್. ರೈಸ್ ಮತ್ತು ಆರ್. ನರಸಿಂಹಾಚಾರ್ಯರಂಥ ವಿದ್ವಾಂಸರು ಹಳ್ಳಿಹಳ್ಳಿಗಳನ್ನು ತಿರುಗಿ, ‘ಎಪಿಗ್ರಾಫಿಯಾ ಕರ್ನಾಟಿಕ’ದ ಸಂಪುಟಗಳಲ್ಲಿ ಆ ಬರಹಗಳನ್ನು ಮುದ್ರಿಸಿದ ಮೇಲೆಯೇ, ಎಷ್ಟೋ ಊರಿನವರಿಗೆ ತಮ್ಮ ದೇವರು ಒಂದಾನೊಂದು ಕಾಲದಲ್ಲಿ ತುರುಗಳನ್ನು ಮರಳಿಸಲು ಹೋಗಿ ಸತ್ತ ತಮ್ಮೂರ ಗೌಡನೆಂಬುದು ಗೊತ್ತಾದುದು.

ಹಲಗಲಿಯ ಹಾಡನ್ನು ಗ್ರಂಥಕ್ಕೆ ತಂದವನೂ ಶಾಸನವಿದ್ವಾಂಸನೇ. ಜಾನ್ ಫೇತ್‌ಫುಲ್ ಫ್ಲೀಟ್ ಎಂಬಾತನು 1847ರಲ್ಲಿ ಹುಟ್ಟಿ, ಇಪ್ಪತ್ತನೆಯ ವಯಸ್ಸಿನಲ್ಲಿ ಮುಂಬಯಿ ಇಲಾಖೆಯ ಸಿವಿಲ್ ನೌಕರಿಗೆ ಬಂದು, ಕನ್ನಡ ಜಿಲ್ಲೆಗಳಲ್ಲಿ ಅಧಿಕಾರವನ್ನು ನಡೆಸುತ್ತ, ಹಳಗನ್ನಡ ಶಾಸನಗಳ ಅಭ್ಯಾಸದಲ್ಲಿ ಅಸಾಧಾರಣವಾದ ಪಾಂಡಿತ್ಯವನ್ನು ಗಳಿಸಿದನು. ಕನ್ನಡ ಜಿಲ್ಲೆಗಳನ್ನಾಳಿದ ರಾಜವಂಶಗಳನ್ನು ಕುರಿತ ಅವನ ಗ್ರಂಥವು 1882ರಲ್ಲಿ ಹೊರಬಂದಿತು. ಅಂಥ ಪುರಾತತ್ತ್ವಜ್ಞನು 1885ರಿಂದ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಕನ್ನಡದ ಕೆಲವು ಲಾವಣಿಗಳನ್ನು ಮೂಲದೊಡನೆಯೂ ಆಂಗ್ಲ ಭಾಷಾಂತರದೊಡನೆಯೂ ಪ್ರಕಟಿಸಿದನು. ಸಂಗೊಳ್ಳಿ ರಾಯಣ್ಣನ ದಂಗೆ, ಕಿತ್ತೂರು ಚೆನ್ನಮ್ಮನ ಸೊಸೆಯ ಕಥೆ, ಹಲಗಲಿಯ ಬೇಡರ ಕಾಳಗ, ಸಂಗ್ಯಾನ ಕೊಲೆ, ಜನರ ಮೇಲೆ ಬಿದ್ದ ವರಮಾನ ತೆರಿಗೆಯ ಗೋಳು ಇವೆಲ್ಲವೂ ಅದರಲ್ಲಿ ಸೇರಿದ್ದವು. ಹಲಗಲಿ ಉರಿದು ಆಗಿನ್ನೂ ಇಪ್ಪತ್ತೆಂಟು ವರುಷಗಳು. ಊರನ್ನು ಸುಟ್ಟ ಪ್ರಭುತ್ವದ ಅಧಿಕಾರಿಯೇ, ಸುಡಲ್ಪಟ್ಟವರ ಹಾಡನ್ನು, ಅದರಲ್ಲಿ ತನ್ನ ಜನರ ಮೇಲಿರುವ ದೂಷಣೆಯ ಸಮೇತವಾಗಿ, ಅಕ್ಷರ ಬಿಡದೆ ಬರೆದುಕೊಂಡನು. ಇದನ್ನು ನಾನು ಬಹುಕಾಲ ಯೋಚಿಸಿದ್ದೇನೆ. ಆಳುವವರಿಗೆ ಆಳಲ್ಪಟ್ಟವರ ಮನಸ್ಸನ್ನು ತಿಳಿಯುವ ಅವಶ್ಯಕತೆಯಿದ್ದಿತೆಂದು ಹೇಳುವವರುಂಟು, ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೂ ಒಂದು ಹಾಡಿನ ಪಾಠವನ್ನು ಶಾಸನದ ಪಾಠದಷ್ಟೇ ಗೌರವದಿಂದ ಹಿಡಿದ ಆ ಶ್ರದ್ಧೆಯು ಬರಿಯ ಆಡಳಿತದ ಕುತೂಹಲದಿಂದ ಬರತಕ್ಕದ್ದಲ್ಲ. ನಮ್ಮ ವಿದ್ವಾಂಸರು ಲಾವಣಿಯನ್ನು ಗ್ರಾಮ್ಯವೆಂದು ಬದಿಗೆ ಸರಿಸಿದ್ದ ಕಾಲದಲ್ಲಿ ಅವನು ಅದನ್ನು ಕೈಗೆತ್ತಿಕೊಂಡನು. ಅವನಿಗೆ ನಾವು ಋಣಿಗಳು.

ರಾಯಣ್ಣನ ಹೆಸರು ಬಂದುದರಿಂದ ಕಿತ್ತೂರಿನ ಮಾತನ್ನೂ ಇಲ್ಲಿ ಹೇಳಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರನಾಗಿದ್ದ ಥ್ಯಾಕರೆಯು ಸತ್ತನು. ಡಿಸೆಂಬರಿನಲ್ಲಿ ಹೆಚ್ಚಿನ ದಂಡು ಬಂದು ಕೋಟೆ ಬಿದ್ದಿತು. ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ 1829ರಲ್ಲಿ ತೀರಿಕೊಂಡಳು. ಸಂಗೊಳ್ಳಿಯ ಶೇತಸನದಿಯಾಗಿದ್ದ ರಾಯಣ್ಣನು ಅಡವಿಯನ್ನು ಸೇರಿ, ಸರಕಾರದ ಕಚೇರಿಗಳನ್ನೂ ದಫ್ತರಗಳನ್ನೂ ಸುಡುತ್ತ ಹೋರಾಡಿ, ಮೋಸದಿಂದ ಹಿಡಿಯಲ್ಪಟ್ಟು, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದನು. ಇವರಿಬ್ಬರ ನೆನಪು ಹಿಡಿದ ದಾರಿಯನ್ನು ಥ್ಯಾಕರೆಯ ನೆನಪು ಹಿಡಿದ ದಾರಿಯೊಡನೆ ಹೋಲಿಸಬೇಕು. ಥ್ಯಾಕರೆಗೆ ಧಾರವಾಡದಲ್ಲಿ ಕಲ್ಲಿನ ಸ್ತಂಭವೆದ್ದಿತು. ಅದರ ಮೇಲಣ ಹೆಸರನ್ನು ಓದಿ ನಿಲ್ಲುವವರು ಇಂದು ವಿರಳ. ರಾಯಣ್ಣನಿಗೆ ಆಗಿನ ಸರಕಾರವು ಏನನ್ನೂ ಕಟ್ಟಿಸಲಿಲ್ಲ. ನಂದಗಡದಲ್ಲಿ ಅವನ ಸಮಾಧಿಯ ಮೇಲೆ ಅವನ ಸಂಗಡಿಗನು ನೆಟ್ಟನೆಂದು ಜನರು ಹೇಳುವ ಆಲದ ಮರವೊಂದಿದೆ. ಮಕ್ಕಳಿಲ್ಲದ ಹೆಣ್ಣುಮಕ್ಕಳು ರಾಯಣ್ಣನಂಥ ಮಗನಾಗಲೆಂದು ಹರಕೆ ಹೊತ್ತು ಅಲ್ಲಿ ಮರದ ತೊಟ್ಟಿಲುಗಳನ್ನು ಕಟ್ಟುತ್ತಾರೆ. ದಫ್ತರ ಸುಟ್ಟವನ ಕಥೆಯು ದಫ್ತರದಲ್ಲಿ ಹೇಗೆ ಉಳಿದೀತು! ಅದು ಗೀಗೀ ಮೇಳಗಳ ಕೊರಳಿನಲ್ಲಿಯೂ ಸಣ್ಣಾಟದ ಅಟ್ಟದ ಮೇಲೆಯೂ ಉಳಿಯಿತು. ಅನಂತರ ನಾಟಕಕಾರರು ಬಂದರು, ಚರಿತ್ರಕಾರರು ಬಂದರು, 1961ರಲ್ಲಿ ಬಿ. ಆರ್. ಪಂತುಲು ಅವರ ಚಲಚ್ಚಿತ್ರವು ಬಂದು, ಧಾರವಾಡ ಬೆಳಗಾವಿಗಳ ಸೀಮೆಯ ನೆನಪಾಗಿದ್ದುದನ್ನು ತುಂಗಭದ್ರೆಯ ಈಚೆಯ ಕನ್ನಡಿಗರಿಗೂ ಹಂಚಿತು. ಸದಾಶಿವ ಒಡೆಯರ್ ಅವರು ಬರೆದ ಚೆನ್ನಮ್ಮನ ಜೀವನಚರಿತ್ರೆಯು 1977ರಲ್ಲಿ ಇತರ ಪ್ರಾಂತದವರ ಕೈಗೂ ಸೇರಿತು. ಈಗ ವರ್ಷವರ್ಷವೂ ಅಕ್ಟೋಬರಿನಲ್ಲಿ ಕಿತ್ತೂರಿನ ಕೋಟೆಯ ಬಯಲಿನಲ್ಲಿ ಉತ್ಸವ ನಡೆಯುತ್ತದೆ. ಅಲ್ಲಿ ವಿದ್ಯುದ್ದೀಪಗಳೂ ಭಾಷಣಗಳೂ ಹೇರಳವಾಗಿರುವುದರ ಬಗ್ಗೆ ನನಗೆ ಆಕ್ಷೇಪವಿಲ್ಲ. ಆದರೆ ಆ ಮೂರು ದಿನಗಳಲ್ಲಿ ಹಳ್ಳಿಯ ಮೇಳದವರಿಗೆ ದೊರೆಯುವ ಅರ್ಧಗಂಟೆಯೇ ಆ ಉತ್ಸವದ ಗರ್ಭಗುಡಿಯೆಂದು ನಾನು ಭಾವಿಸುತ್ತೇನೆ. ಅರ್ಧಗಂಟೆ ಸಾಲದು. ರಾತ್ರಿಯೆಲ್ಲ ನಡೆಯುತ್ತಿದ್ದ ಹಾಡು ಅದು.

ನೆನಪು ಉಳಿದರೆ ಸಾಲದು, ಯಾವ ಹೆಸರಿನಿಂದ ಉಳಿಯುತ್ತದೆಂಬುದೂ ಮುಖ್ಯ. ಇದಕ್ಕೆ ಸುಳ್ಯ ಪುತ್ತೂರುಗಳ ಕಡೆಯ ಉದಾಹರಣೆಯೊಂದನ್ನು ಕೊಡುವೆನು. 1834ರಲ್ಲಿ ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿದ ಕಂಪನಿಯು, ಅವನ ರಾಜ್ಯದ ಘಟ್ಟದ ಕೆಳಗಿನ ಭಾಗವನ್ನು ಕೆನರಾ ಜಿಲ್ಲೆಗೆ ಸೇರಿಸಿ, ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿತು. ಬೇಗುದಿಯು ಮೂರು ವರುಷಗಳಲ್ಲಿ ಉರಿಯಾಯಿತು. ಕೆದಂಬಾಡಿ ರಾಮಯ್ಯಗೌಡರೇ ಮೊದಲಾದವರ ನಾಯಕತ್ವದಲ್ಲಿ, ಅರಸುಮನೆತನದವನೆಂದು ಹೇಳಲಾದ ಕಲ್ಯಾಣಸ್ವಾಮಿಯನ್ನು ಮುಂದಿಟ್ಟುಕೊಂಡು, ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ವಶಪಡಿಸಿಕೊಂಡು, ಘಟ್ಟದ ಬುಡದಿಂದ ಕಡಲಿನವರೆಗೆ ನಡೆದು, 1837ರ ಏಪ್ರಿಲ್ 5ರಂದು ಮಂಗಳೂರನ್ನು ಹೊಕ್ಕು ತನ್ನ ಬಾವುಟವನ್ನು ನೆಟ್ಟಿತು. ಸುಮಾರು ಹದಿಮೂರು ದಿನ ಆ ಬಾವುಟ ಹಾರಿತು; ಬಾವುಟಗುಡ್ಡೆ ಎಂಬ ಸ್ಥಳನಾಮಕ್ಕೆ ಜನರು ಕೊಡುವ ವಿವರಣೆಯು ಇದೇ. ಆಮೇಲೆ ಸೇನೆ ಬಂದಿತು, ನೇಣುಗಳು ಬಂದುವು. ಇಷ್ಟೆಲ್ಲ ನಡೆದ ಹೋರಾಟಕ್ಕೆ ಆ ಪ್ರಾಂತದಲ್ಲಿ ನಿಂತ ಹೆಸರು ಯಾವುದು? ‘ಕಲ್ಯಾಣಪ್ಪನ ಕಾಟಕಾಯಿ.’ ದರೋಡೆ, ಪುಂಡಾಟ ಎಂಬ ಅರ್ಥಚ್ಛಾಯೆಯುಳ್ಳ ಈ ಮಾತು ಗೆದ್ದವರ ಕಡೆಯಿಂದ ಹೊರಟು ಸೋತವರ ನಾಲಗೆಗೇ ಅಂಟಿಕೊಂಡಿತು. ಹೋರಾಡಿದವರ ಮೊಮ್ಮಕ್ಕಳು ತಮ್ಮ ಅಜ್ಜಂದಿರ ಸಾಹಸವನ್ನು ಅವಹೇಳನದ ಪದದಿಂದಲೇ ಕರೆಯಬೇಕಾಯಿತು. ಕೆಲವರು ಆ ಮಾತನ್ನೇ ಎತ್ತದಾದರು.

ಹಲಗಲಿಗೂ ಸುಳ್ಯಕ್ಕೂ ಇರುವ ಈ ಅಂತರವನ್ನು ಕಂಡು ನನ್ನ ಮನಸ್ಸು ಒಂದು ನಿರ್ಣಯಕ್ಕೆ ಬಂದಿದೆ. ಮಲಪ್ರಭೆಯ ಸೀಮೆಯಲ್ಲಿ ಕಾಳಗದ ಮರುವರುಷಗಳಲ್ಲಿಯೇ ಹಾಡು ಕಟ್ಟಲು ಲಾವಣಿಕಾರನಿದ್ದನು, ಕೇಳಲು ಕಟ್ಟೆಯಿತ್ತು, ಬರೆದುಕೊಳ್ಳಲು ಒಬ್ಬ ವಿದ್ವಾಂಸನು ತಲೆಮಾರು ಮುಗಿಯುವ ಮೊದಲೇ ಬಂದನು. ಸುಳ್ಯದ ಕಡೆಯಲ್ಲಿ ಬಯಲಾಟವೂ ಪಾಡ್ದನವೂ ಸಮೃದ್ಧವಾಗಿದ್ದವು. ಆದರೆ ಈ ಕಥೆಗೆ ಅಂಥ ಸಭೆಯು ಸಕಾಲದಲ್ಲಿ ದೊರೆತಂತೆ ತೋರುವುದಿಲ್ಲ, ಬರಹವೂ ತಡವಾಗಿ ಬಂದಿತು. ನಿರಂಜನರು ‘ಕಲ್ಯಾಣಸ್ವಾಮಿ’ ಎಂಬ ಕಾದಂಬರಿಯನ್ನು ಬರೆದುದು, ಸ್ಥಳೀಯ ಸಂಶೋಧಕರು ದಾಖಲೆಗಳನ್ನೂ ಮನೆತನಗಳ ಬಾಯಿಮಾತನ್ನೂ ಕೂಡಿಹಾಕಿದುದು, ಊರವರು ಸೇರಿ ಸ್ಮರಣೆಯ ಸಭೆಗಳನ್ನು ನಡೆಸಿದುದು ಇವೆಲ್ಲ ನೂರು ವರುಷಗಳಿಗೂ ಹೆಚ್ಚು ಕಾಲದ ಮೌನದ ಅನಂತರ. ಆ ಪರಿಶ್ರಮದಿಂದ ‘ಕಾಟಕಾಯಿ’ ಎಂಬ ಮಾತು ಹಿಂದೆ ಸರಿದು ‘ಸಮರ’ ಎಂಬ ಮಾತು ಮುಂದೆ ಬಂದಿತು. 2022ರಲ್ಲಿ ಬಾವುಟಗುಡ್ಡೆಯ ಮೇಲೆ ರಾಮಯ್ಯಗೌಡರ ವಿಗ್ರಹವು ನಿಂತಿತು. ಒಂದು ಹೆಸರನ್ನು ತಿದ್ದುವುದಕ್ಕೆ ಸುಮಾರು ನೂರ ಎಂಬತ್ತೈದು ವರುಷಗಳು ಬೇಕಾದುವು.

ಉತ್ತರದ ಕಡೆಗೆ ಮತ್ತೆ ಬರೋಣ. ಫ್ಲೀಟನ ಸಂಗ್ರಹವು ಆಂಗ್ಲ ನಿಯತಕಾಲಿಕೆಯ ಪುಟಗಳಲ್ಲಿದ್ದುದರಿಂದ ಹಾಡಿದವರ ಮನೆಗೆ ಅದು ಮರಳಲಿಲ್ಲ. ಆ ಕೆಲಸವನ್ನು ಬೇರೆಯ ರೀತಿಯಿಂದ ಕೈಗೊಂಡವರು ವಿಜಾಪುರ ಸೀಮೆಯ ಹಲಸಂಗಿಯ ಗೆಳೆಯರು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಹಳ್ಳಿಯಲ್ಲಿಯೇ ಹುಟ್ಟಿ ಬೆಳೆದು, ಹೊಲದ ಕೆಲಸದ ನಡುವೆ, ತಮ್ಮ ತಾಯಂದಿರ ಬೀಸುವ ಕಲ್ಲಿನ ಬದಿಯಲ್ಲಿ ಕುಳಿತು ಹಾಡುಗಳನ್ನು ಬರೆದುಕೊಂಡವರು. ‘ಗರತಿಯ ಹಾಡು’ 1931ರಲ್ಲಿಯೂ, ಲಾವಣಿಗಳ ಸಂಗ್ರಹವಾದ ‘ಜೀವನ ಸಂಗೀತ’ವು 1933ರಲ್ಲಿಯೂ ಬೆಳಕನ್ನು ಕಂಡುವು. ಲಾವಣಿಯ ಖಾಜಾಭಾಯಿ ಅವರ ಊರಿನವನೇ. ಸಂಗ್ರಾಹಕನೂ ಹಾಡುಗಾರನೂ ಒಂದೇ ಬಾವಿಯ ನೀರನ್ನು ಕುಡಿದವರಾದುದರಿಂದ, ಪದದ ಅರ್ಥವನ್ನು ಕೋಶದಲ್ಲಿ ಹುಡುಕಬೇಕಾದ ಅವಸ್ಥೆ ಅವರಿಗೆ ಬರಲಿಲ್ಲ. ಅನಂತರ ಬಿ. ಎಸ್. ಗದ್ದಗಿಮಠರು ಜನಪದಗೀತೆಗಳನ್ನು ಕುರಿತು ಸಂಶೋಧನ ಪ್ರಬಂಧವನ್ನೇ ರಚಿಸಿ, ವಿಶ್ವವಿದ್ಯಾನಿಲಯದ ಬಾಗಿಲನ್ನು ಈ ಹಾಡುಗಳಿಗೆ ತೆರೆದರು. ಹಲಗಲಿಯ ಲಾವಣಿಯು ಹತ್ತನೆಯ ತರಗತಿಯ ಕನ್ನಡ ಪಠ್ಯವೂ ಆಯಿತು.

ಪಠ್ಯವಾದುದು ಒಳ್ಳೆಯದೇ. ಆದರೂ ಅಚ್ಚಿನಲ್ಲಿ ಹಾಡಿನ ಎಷ್ಟೋ ಅಂಶವು ಜಾರಿಹೋಗುತ್ತದೆಂಬುದನ್ನು ಮರೆಯಲಾಗದು. ದಪ್ಪಿನ ಪೆಟ್ಟು ಎಲ್ಲಿ ಬಿರುಸಾಗುತ್ತದೆ, ಮಡಿದವರ ಹೆಸರು ಬಂದಾಗ ದನಿ ಎಲ್ಲಿ ಇಳಿಯುತ್ತದೆ, ಹಿಮ್ಮೇಳದವರು ಯಾವ ಸೊಲ್ಲನ್ನು ಎರಡು ಸಲ ಹಿಡಿಯುತ್ತಾರೆ, ಇವು ಅಚ್ಚಿನ ಮೊಳೆಗಳಿಗೆ ಸಿಕ್ಕುವಂಥವಲ್ಲ. ಒಂದು ಪಾಠವು ಮುದ್ರಿತವಾದ ಕೂಡಲೆ ಉಳಿದ ಪಾಠಗಳು ತಪ್ಪೆಂಬ ಭಾವನೆಯೂ ಬೆಳೆಯುವುದುಂಟು; ಪುಸ್ತಕದಲ್ಲಿಲ್ಲದ ನುಡಿಯನ್ನು ಹಾಡಿದ ಮುದುಕನನ್ನು ಓದಿದ ಮೊಮ್ಮಗನು ತಿದ್ದಹೋದರೆ, ಕಟ್ಟೆಯ ಕೆಳಗಿನ ಆ ಹಳೆಯ ಸಾಕ್ಷಿಯ ದನಿಯು ಕೊನೆಯ ಬಾರಿಗೆ ಅಡಗಿಹೋಗುತ್ತದೆ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೇಳದವರ ಮನೆಗಳಲ್ಲಿ ಹಾಡು ಬರೆದಿಟ್ಟ ಹಳೆಯ ವಹಿಗಳಿರುತ್ತವೆ. ಬಟ್ಟೆಯಲ್ಲಿ ಸುತ್ತಿ, ದೇವರ ಮಾಡದ ಬದಿಯಲ್ಲಿ ಇಟ್ಟವು, ತಂದೆಯ ಕೈಯಿಂದ ಮಗನ ಕೈಗೆ ಬಂದವು. ಗೆದ್ದಲು ಅವುಗಳನ್ನು ತಲಪುವ ಮೊದಲು ನಮ್ಮ ತರುಣರು ತಲಪಬೇಕು. ನುಡಿಯನ್ನು ಬರೆದುಕೊಳ್ಳುವುದರ ಜೊತೆಗೆ ದನಿಯನ್ನೂ ಹಿಡಿದಿಡಬೇಕು. ಕಟ್ಟಿದವನ ಅಂಕಿತವನ್ನೂ, ಕಲಿಸಿದ ಗುರುವಿನ ಹೆಸರನ್ನೂ, ಯಾವ ಊರಿನ ಜಾತ್ರೆಯಲ್ಲಿ ಹಾಡುತ್ತಿದ್ದರೆಂಬುದನ್ನೂ ಅಂಚಿನಲ್ಲಿ ಬರೆಯಬೇಕು. ಹೀಗೆ ಬರೆದುದನ್ನು ಒಯ್ದು ಅದೇ ಕಟ್ಟೆಯ ಮೇಲೆ ಮತ್ತೆ ಓದಿಸಬೇಕು, ಹಾಡಿಸಬೇಕು.

ಹಲಗಲಿಯ ಪಾಠ ಬರುವ ದಿನ ಉಪಾಧ್ಯಾಯರು ಹತ್ತಿರದ ಮೇಳದವರನ್ನು ಶಾಲೆಗೆ ಕರೆಸುವುದಾದರೆ ಎಷ್ಟು ಚೆನ್ನಾಗಿರುತ್ತದೆ! ಮಕ್ಕಳು ಪುಸ್ತಕವನ್ನು ಮುಚ್ಚಿ ಕೇಳಲಿ. ಲೂಟಿಯಾದ ಮನೆಯ ಸಾಮಾನಿನ ನುಡಿ ಬಂದಾಗ, ಚರಗಿಯೆಂದರೆ ಏನೆಂದು ಒಂದು ಮಗು ಕೇಳಿಯೇ ಕೇಳುತ್ತದೆ. ಸಂಜೆ ಮನೆಗೆ ಹೋದಾಗ ಅದರ ಅಜ್ಜಿ ಅಟ್ಟದ ಮೇಲಿನಿಂದ ಕಿಲುಬು ಹಿಡಿದ ಒಂದು ಚರಗಿಯನ್ನು ಇಳಿಸಿ, ಹುಣಿಸೆಹಣ್ಣು ಹಚ್ಚಿ ತಿಕ್ಕಿ, ನೀರು ತುಂಬಿ ಅದರ ಕೈಗೆ ಕೊಟ್ಟಾಳು.